ಒಂಬತ್ತು ಗಂಟೆಯ ಗುಂಡಿ

ಮೂವತ್ತನಾಲ್ಕು ವರ್ಷ ಒಂದೇ ಆಸ್ಪತ್ರೆಯ ಮೂರನೇ ವಾರ್ಡಿನಲ್ಲಿ ದುಡಿದ ನರ್ಸಮ್ಮ, ನಿವೃತ್ತಿಯಾದ ಮೇಲೆ ಮಾಡಿದ ಮೊದಲ ಕೆಲಸವೆಂದರೆ ಯಾರಿಗೂ ಹೇಳದೆ ಒಂದು ಹಳೆಯ ಮನೆಗಾಡಿ ಕೊಂಡದ್ದು. ಚಕ್ರದ ಮೇಲಿನ ಪುಟ್ಟ ಮನೆ ಅದು. ಒಳಗೆ ಒಂದು ಮಂಚ, ಒಂದು ಒಲೆ, ಅಂಗೈಯಗಲದ ಸಿಂಕು. ಮಂಚ ಇಬ್ಬರದು. ಅದನ್ನು ಕೊಯ್ಯಿಸಿ ಒಬ್ಬರದು ಮಾಡಿಸಿ, ಉಳಿದ ಜಾಗದಲ್ಲಿ ಬ್ಯಾಟರಿ ಇಡಿಸುವುದೆಂದು ಅವಳೇ ತೀರ್ಮಾನಿಸಿದಳು. ಹೇಗೋ ಸುದ್ದಿ ಕಿವಿಗೆ ಬಿದ್ದು ಅಣ್ಣನ ಮಗ ಫೋನು ಮಾಡಿದ.

"ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಅತ್ತೆ? ಎಲ್ಲಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ನೋಡ್ತಾರೆ?"

ನೋಡುವವರ ಪಟ್ಟಿಯಲ್ಲಿ ತನ್ನ ಹೆಸರಿಲ್ಲ ಎಂಬುದನ್ನು ಹುಡುಗ ಎಷ್ಟು ನಯವಾಗಿ ಹೇಳಿದ ನೋಡಿ. ನರ್ಸಮ್ಮ "ನೋಡೋಣ ಬಿಡಪ್ಪ" ಎಂದು ಫೋನಿಟ್ಟು, ಗಾಡಿಯನ್ನು ತಾನೇ ಓಡಿಸಿಕೊಂಡು ಎಲೆಕ್ಟ್ರಿಷಿಯನ್ನನ ಶೆಡ್ಡಿಗೆ ತಂದು ನಿಲ್ಲಿಸಿದಳು.

ಎಲೆಕ್ಟ್ರಿಷಿಯನ್ ಐವತ್ತರ ಆಸುಪಾಸಿನ ಮನುಷ್ಯ. ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಮಾತಾಡುತ್ತಿದ್ದುದರಿಂದ ಅವನ ಅರ್ಧ ಮಾತನ್ನು ಗಿರಾಕಿಗಳು ಊಹಿಸಿಕೊಳ್ಳಬೇಕಿತ್ತು. ಗಾಡಿಯ ಒಳಗೋಡೆಯ ಹಲಗೆ ಬಿಚ್ಚಿ ಟಾರ್ಚು ಬಿಟ್ಟು, "ಸಿಸ್ಟರ್, ಇದು ವೈರಿಂಗ್ ಅಲ್ಲ, ಕಾಗೆಗೂಡು. ಪೂರ್ತಿ ಕಿತ್ತು ಹೊಸದು ಎಳೀಬೇಕು" ಎಂದ. ಅವಳು ಬಂದಾಗ ಬೇರೆ ಯಾವುದೋ ತಂತಿ ಸುಲಿಯುತ್ತಿದ್ದವನು ಬೆರಳು ಕೊಯ್ದುಕೊಂಡು ಅವಳ ಕೈಯಿಂದ ಪಟ್ಟಿ ಕಟ್ಟಿಸಿಕೊಂಡಿದ್ದ. ಅಂದಿನಿಂದ ಅವಳು ಅವನಿಗೆ ಸಿಸ್ಟರ್.

ಬೇರೆ ಗಿರಾಕಿಗಳು ಕೀಲಿ ಕೊಟ್ಟು ಹೋದರೆ ಕೆಲಸ ಮುಗಿದ ಮೇಲೆಯೇ ಮುಖ ತೋರಿಸುವವರು. ನರ್ಸಮ್ಮ ದಿನಾ ಬೆಳಿಗ್ಗೆ ಎಂಟಕ್ಕೆ ಹಾಜರ್. ಸ್ಟೂಲು ಎಳೆದುಕೊಂಡು ಕೂತರೆ ಸಂಜೆಯವರೆಗೂ ಅಲ್ಲೇ. ತಪಾಸಣೆಗೆ ಬರುತ್ತೇನೆ ಎಂದು ಅವಳು ಹೇಳುತ್ತಿದ್ದಳು. ನಿಜ ಹೇಳಬೇಕೆಂದರೆ, ಮನೆಯಲ್ಲಿ ಅವಳ ಜೊತೆ ಮಾತಾಡುವುದು ಕುಕ್ಕರಿನ ಸೀಟಿ ಒಂದೇ.

ಛಾವಣಿಗೆ ಸೋಲಾರ್ ಹಲಗೆ ಕೂತಿತು. ಹೊಸ ಬ್ಯಾಟರಿ, ಅದಕ್ಕೆ ತಕ್ಕ ಚಾರ್ಜರ್, ಹಿಂದೆ ನೋಡುವ ಕ್ಯಾಮೆರಾ, ನೀರಿನ ಟ್ಯಾಂಕಿನ ಮಟ್ಟ ತೋರಿಸುವ ದೀಪ, ಒಂದೊಂದೇ ಬಂದವು. ಗೋಡೆಯ ಹಲಗೆ ಮುಚ್ಚುವ ಹೊತ್ತಿಗೆ ನರ್ಸಮ್ಮ ಕೈ ಅಡ್ಡ ಹಿಡಿದಳು.

"ಸಾಮಾನು ಎಣಿಸಿ."

"ಯಾವ ಸಾಮಾನು?"

"ಆಪರೇಷನ್ ಮಾಡಿ ಹೊಟ್ಟೆ ಹೊಲಿಯೋ ಮುಂಚೆ ಕತ್ತರಿ, ಬಟ್ಟೆ ಎಲ್ಲಾ ಎಣಿಸ್ತೀವಿ. ನೀವೂ ಎಣಿಸಿ."

ಅವನು ನಕ್ಕು ಎಣಿಸಿದ. ಒಂದು ಇಕ್ಕಳ ಕಡಿಮೆ ಬಂತು. ಅದು ಗೋಡೆಯ ಒಳಗೆ ತಂತಿಗಳ ನಡುವೆ ಆರಾಮಾಗಿ ಮಲಗಿತ್ತು. ಮರುದಿನದಿಂದ ಅವನು ಹೇಳಿಸಿಕೊಳ್ಳದೆ ಎಣಿಸತೊಡಗಿದ.

ಐದನೇ ದಿನ ಅವಳು ತನ್ನ ಮನಸ್ಸಿನಲ್ಲಿದ್ದುದನ್ನು ಹೊರಗೆ ಹಾಕಿದಳು. ಮಂಚದ ತಲೆಯ ಬಳಿ ಒಂದು ಗುಂಡಿ ಬೇಕು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಅದನ್ನು ಒತ್ತುತ್ತೇನೆ. ಒಂಬತ್ತು ಗಂಟೆಯೊಳಗೆ ಒತ್ತದಿದ್ದರೆ ಅದು ತಾನಾಗಿಯೇ ಒಂದು ನಂಬರಿಗೆ ಫೋನು ಹಚ್ಚಿ ತಿಳಿಸಬೇಕು.

"ಅಂಥದ್ದು ಯಾರೂ ಕೇಳಿಲ್ಲ ಸಿಸ್ಟರ್."

"ನಾನು ಕೇಳ್ತಿದ್ದೀನಲ್ಲ."

ಹಿಂದೊಮ್ಮೆ ಒಂಟಿಯಾಗಿದ್ದ ಮುದುಕನೊಬ್ಬನನ್ನು ಆಸ್ಪತ್ರೆಗೆ ತಂದಿದ್ದರು. ಬಾಗಿಲು ಒಡೆದು ತಂದದ್ದು ಸತ್ತ ಆರನೇ ದಿನ. ಆ ದೇಹವನ್ನು ತೊಳೆದವಳು ಇವಳೇ. ಸಾವಿಗೆ ಅವಳು ಹೆದರುವವಳಲ್ಲ, ಅದರ ಜೊತೆ ಪಾಳಿ ಮಾಡಿದವಳು. ಆದರೆ ಆ ಆರು ದಿನ ಮಾತ್ರ ಅವಳ ತಲೆಯಿಂದ ಹೋಗಿರಲಿಲ್ಲ. ಆರು ದಿನ ಒಬ್ಬನೇ ಒಬ್ಬ ಮನುಷ್ಯನಿಗೂ ಗೊತ್ತಾಗಲಿಲ್ಲವಲ್ಲ!

ಎಲೆಕ್ಟ್ರಿಷಿಯನ್ ಸಿಮ್ ಹಾಕುವ ಒಂದು ಡಬ್ಬ ತಂದು, ಗಡಿಯಾರಕ್ಕೂ ಗುಂಡಿಗೂ ಜೋಡಿಸಿ, ತನ್ನದೇ ದನಿಯಲ್ಲಿ ಎರಡು ಮಾತು ಅದರಲ್ಲಿ ತುಂಬಿದ. "ಈಗ ನಂಬರ್ ಕೊಡಿ ಸಿಸ್ಟರ್."

"ನಾಳೆ ಕೊಡ್ತೀನಿ."

ನಾಳೆ ಎನ್ನುವುದು ನಾಲ್ಕು ದಿನವಾಯಿತು. ಅವಳು ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ತಿರುವಿದಳು. ಅಣ್ಣನ ಮಗನ ನಂಬರು ಕೊಟ್ಟರೆ, ಒಂದು ದಿನ ಮರೆತು ಹೊದ್ದು ಮಲಗಿದ್ದೇ ನೆಪವಾಗಿ ಅವನು ಬಂದು ಗಾಡಿಯ ಕೀಲಿ ಕಿತ್ತುಕೊಳ್ಳುತ್ತಾನೆ. ಜೊತೆಯಲ್ಲಿ ದುಡಿದವರಲ್ಲಿ ಇಬ್ಬರು ತೀರಿಹೋಗಿದ್ದರು, ಒಬ್ಬಳಿಗೆ ತನ್ನ ಹೆಸರೇ ಮರೆತುಹೋಗಿತ್ತು. ಉಳಿದವು ಗ್ಯಾಸಿನವನು, ನಲ್ಲಿಯವನು, ಬ್ಯಾಂಕು. ಇಷ್ಟು ವರ್ಷ ಬದುಕಿ ಕೂಡಿಸಿದ್ದು ಇಷ್ಟೇನಾ ಎನ್ನಿಸಿ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಗಾಡಿ ಕೊಡುವ ದಿನ ಬೆಳಿಗ್ಗೆ ಅವಳು ಒಂದು ನಂಬರನ್ನು ಎಲ್ಲೂ ನೋಡದೆ ಪಟಪಟನೆ ಹೇಳಿದಳು.

"ಲ್ಯಾಂಡ್‌ಲೈನಾ? ಯಾರದು?"

"ತಂಗಿದು."

ಅವಳಿಗೆ ತಂಗಿಯೇ ಇರಲಿಲ್ಲ. ಅವಳಿಗೆ ಬಾಯಿಪಾಠ ಇದ್ದ ಒಂದೇ ನಂಬರು, ಹಗಲು ರಾತ್ರಿ ಯಾರಾದರೂ ಎತ್ತಿಯೇ ಎತ್ತುವ ನಂಬರು ಅದು. ಸುಮ್ಮನೆ ಡಬ್ಬಕ್ಕೆ ಹಾಕಿ ಕೈತೊಳೆದುಕೊಳ್ಳುತ್ತಾನೆ ಎಂದುಕೊಂಡಿದ್ದಳು. ಆದರೆ ಟೆಸ್ಟ್ ಮಾಡದೆ ಒಂದು ಬಲ್ಬನ್ನೂ ಗಿರಾಕಿಗೆ ಒಪ್ಪಿಸುವ ಮನುಷ್ಯನಲ್ಲ ಅವನು. ಗಡಿಯಾರವನ್ನು ಒಂಬತ್ತಕ್ಕೆ ತಿರುಗಿಸಿ, ಸ್ಪೀಕರ್ ಜೋರು ಮಾಡಿ ಕೈಕಟ್ಟಿ ನಿಂತ. ಬೇಡ ಎನ್ನಲು ಅವಳಿಗೆ ಒಂದು ನೆಪವೂ ಹೊಳೆಯಲಿಲ್ಲ.

ಎರಡು ಸಲ ರಿಂಗಾಯಿತು.

"ಮೂರನೇ ವಾರ್ಡ್," ಎಂದಿತು ಒಂದು ಎಳೆಯ ದನಿ.

"ಮನೆಗಾಡಿಯಲ್ಲಿರೋರು ಇವತ್ತು ಬಟನ್ ಒತ್ತಿಲ್ಲ. ದಯವಿಟ್ಟು ವಿಚಾರಿಸಿ," ಎಂದಿತು ಡಬ್ಬ, ಎಲೆಕ್ಟ್ರಿಷಿಯನ್ನನ ದನಿಯಲ್ಲಿ.

"ಯಾವ ಬೆಡ್?"

"ಮನೆಗಾಡಿಯಲ್ಲಿರೋರು ಇವತ್ತು ಬಟನ್ ಒತ್ತಿಲ್ಲ..."

"ಹಲೋ, ಬೆಡ್ ನಂಬರ್ ಹೇಳ್ರೀ. ಇಲ್ಲಾಂದ್ರೆ ಇಡಿ, ಬೇರೆ ಫೋನ್ ಬರ್ತಿವೆ." ಕಟ್ಟಾಯಿತು.

ಹುಡುಗಿಯದೇನೂ ತಪ್ಪಿಲ್ಲ. ಫೋನು ಬಂದರೆ ಯಾರು, ಏನು ಎಂದು ಹರಟಬೇಡಿ, ಮೊದಲು ಬೆಡ್ ನಂಬರ್ ಕೇಳಿ ಎಂದು ಹೊಸದಾಗಿ ಬಂದವರಿಗೆಲ್ಲ ಕಲಿಸಿದವಳು ಇವಳೇ. ಪಾಠ ಚೆನ್ನಾಗಿಯೇ ಉಳಿದಿತ್ತು, ಕಲಿಸಿದವಳಿಗೆ ಮಾತ್ರ ಅಲ್ಲೊಂದು ಬೆಡ್ಡೂ ಇರಲಿಲ್ಲ. ಅವಳಿಗೆ ನಾಚಿಕೆಯಾಯಿತು ನಿಜ, ಆದರೆ ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಎಲೆಕ್ಟ್ರಿಷಿಯನ್ ನಗಲಿಲ್ಲ, ತಂಗಿಯ ಬಗ್ಗೆ ಕೇಳಲೂ ಇಲ್ಲ. ಬಾಯಿಂದ ಸ್ಕ್ರೂ ತೆಗೆದು ಅಂಗೈಯಲ್ಲಿಟ್ಟುಕೊಂಡ.

"ಬೇರೆ ನಂಬರ್ ಇದೆಯಾ ಸಿಸ್ಟರ್?"

"ಇಲ್ಲ."

ಅವನು ಡಬ್ಬದ ಕಡೆ ತಿರುಗಿ ಪರದೆಯ ಮೇಲೆ ಏನೇನೋ ಒತ್ತಿದ. "ನಿನ್ನೆ ಟೆಸ್ಟಿಂಗ್‌ಗೆ ಅಂತ ನಂದು ಹಾಕಿದ್ದೆ. ಎರಡನೇ ಸಾಲಲ್ಲಿ ಇನ್ನೂ ಇದೆ. ಗಾಡಿ ಕೊಡೋ ಮುಂಚೆ ಅಳಿಸೋದು ನಮ್ಮ ಪದ್ಧತಿ" ಎಂದು, ಬೆರಳನ್ನು ಪರದೆಯ ಮೇಲಿಟ್ಟು ನಿಂತ.

ಇರಲಿ ಬಿಡಿ ಎಂದು ಅವನಾಗಿಯೇ ಹೇಳಬಹುದಿತ್ತು. ಹೇಳಲಿಲ್ಲ. ಕೇಳದೆ ಯಾರ ಬದುಕಿನೊಳಕ್ಕೂ ಕೈಹಾಕುವ ಜಾತಿಯವನಲ್ಲ ಅವನು. ನರ್ಸಮ್ಮನೋ, ಜೀವಮಾನವೆಲ್ಲ ಬೇರೆಯವರು ಕರೆದಾಗ ಓಡಿದವಳು. ಸಂಕೋಚ ಬೇಡ, ಬೆಲ್ ಒತ್ತಿ ಎಂದು ಸಾವಿರ ರೋಗಿಗಳಿಗೆ ಹೇಳಿದವಳಿಗೆ ತಾನು ಯಾರನ್ನಾದರೂ ಕರೆದ ನೆನಪೇ ಇರಲಿಲ್ಲ.

"ಅಳಿಸಬೇಡಿ," ಎಂದಳು.

"ಸಿಸ್ಟರ್, ಸುಳ್ಳು ಯಾಕೆ ಹೇಳಲಿ. ನೀವು ಊರೂರು ಸುತ್ತುತ್ತಾ ಎಲ್ಲೋ ಐನೂರು ಕಿಲೋಮೀಟರ್ ಆಚೆ ಇರ್ತೀರಿ. ಫೋನ್ ಬಂತು ಅಂತ ಶೆಡ್ ಬಿಟ್ಟು ಓಡಿ ಬರೋಕೆ ನನ್ನ ಕೈಲಿ ಆಗಲ್ಲ."

"ಬರೋದು ಬೇಡ. ಅವತ್ತೇ ಒಬ್ಬರಿಗೆ ಗೊತ್ತಾದ್ರೆ ಸಾಕು."

ಅವನು ನಂಬರು ಅಳಿಸದೆ ಬೆರಳು ತೆಗೆದು, ಡಬ್ಬದ ಮುಚ್ಚಳ ಹಾಕಿ ಬಿಗಿಮಾಡಿದ.