ಕುಂಕುಮದ ಕೆಳಗಿನ ಅಂಕಿ

ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ನಮ್ಮವರಿಗೆ ಆಗದು. ಊರಲ್ಲಿ ಕಾಯಿ, ರವಿಕೆ ಕಣ ಕೊಡುತ್ತಿದ್ದೆವು. ಡಾಲಸ್ ಕಡೆ ಅದು ಬೆಳೆದು ಮಗುವಿನ ತೊಟ್ಟಿಲು, ಹಿಮದ ಜಾಕೆಟ್ಟು, ಕೊನೆಗೆ ಹಿಮದ ಮೇಲೆ ಜಾರುವ ಸ್ಕೀವರೆಗೂ ಬಂದಿದೆ. ಒಂದು ಜೊತೆ ಸ್ಕೀ ಒಂದೇ ಚಳಿಗಾಲದಲ್ಲಿ ನಾಲ್ಕು ಮನೆ ಸುತ್ತುವುದುಂಟು. ಯಾರದೋ ತೂಕಕ್ಕೆ ಹೊಂದಿಸಿದ್ದನ್ನು ಇನ್ಯಾರೋ ಕಾಲಿಗೆ ಕಟ್ಟಿಕೊಳ್ಳುತ್ತಾರೆ. ಯಾರೂ ಕೇಳುವುದಿಲ್ಲ. ಕೇಳಿದರೆ ಕೊಟ್ಟವರಿಗೆ ಬೇಜಾರಾಗುತ್ತದಲ್ಲ.

ನಿರುಪಮಾ ಕೇಳಿದಳು, ಆದರೆ ಅರ್ಧಕ್ಕೇ ನಿಲ್ಲಿಸಿದಳು.

ಅವಳು ಡಾಲಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಕ್ಲಿನಿಕ್ ಒಂದರಲ್ಲಿ ಫಿಸಿಯೋಥೆರಪಿಸ್ಟ್. ಚಳಿಗಾಲ ಬಂತೆಂದರೆ ಸ್ಕೀ ಮಾಡಲು ಹೋಗಿ ಕಾಲು ಕೆಡಿಸಿಕೊಂಡವರು ಅವಳ ಮುಂದೆ ಸಾಲಾಗಿ ಕೂರುತ್ತಿದ್ದರು. ಗಂಡ ಜಯಂತನಿಗೆ ಪ್ಲೇನೋದಲ್ಲಿ ಸಾಫ್ಟ್‌ವೇರ್ ಕೆಲಸ, ಜೀವ ಮಾತ್ರ ಯಕ್ಷಗಾನದಲ್ಲಿ. 2019ರ ಡಿಸೆಂಬರಿನಲ್ಲಿ ಪೇರ್ಲ್ಯಾಂಡಿನಲ್ಲಿ ಹೂಸ್ಟನ್ ಕನ್ನಡಿಗರ ರಾಜ್ಯೋತ್ಸವ. ಅದರಲ್ಲಿ ಅವನದು ಪುಂಡುವೇಷ, ಎರಡೂ ಮಂಡಿ ನೆಲಕ್ಕೂರಿ ರಂಗದ ತುಂಬ ಗಿರಗಿರನೆ ಸುತ್ತುವ ಯುವ ವೀರನ ಪಾತ್ರ. ಚಿಕ್ಕಂದಿನಿಂದ ಕಲಿತದ್ದನ್ನು ಇಷ್ಟು ದೊಡ್ಡ ಸಭೆಯ ಮುಂದೆ ಅವನು ಎಂದೂ ಕುಣಿದಿರಲಿಲ್ಲ. ಬೇಸಿಗೆಯಿಡೀ ಗ್ಯಾರೇಜಿನಲ್ಲಿ ಅಭ್ಯಾಸ ಮಾಡಿದ್ದ, ಕಾರು ಬಿಸಿಲಲ್ಲಿ ಒಣಗುತ್ತಿತ್ತು.

ಥ್ಯಾಂಕ್ಸ್‌ಗಿವಿಂಗ್ ರಜೆಗೆ, ನವೆಂಬರ್ ಕೊನೆಯಲ್ಲಿ, ನಾಲ್ಕು ದಿನ ಕೊಲರಾಡೋಗೆ ಸ್ಕೀ ಮಾಡಲು ಹೋಗಿಬರುವ ಯೋಚನೆ ಬಂದಾಗ ಅಲೆನ್ ಊರಿನ ಸೂರ್ಯನಾರಾಯಣ ಅಂಕಲ್ ಊಟಕ್ಕೆ ಕರೆದರು. ಅವರು ನಿವೃತ್ತ ಮೆಕ್ಯಾನಿಕಲ್ ಇಂಜಿನಿಯರ್. ನಿರುಪಮಾ, ಜಯಂತ ಟೆಕ್ಸಸ್‌ಗೆ ಬಂದ ಹೊಸದರಲ್ಲಿ ಬಾಡಿಗೆ ಮನೆ ಸಿಗುವ ತನಕ ಅವರ ಮನೆಯಲ್ಲೇ ಇದ್ದರು. ನಿರುಪಮಾಗೆ ಕಾರು ಓಡಿಸಲು ಕಲಿಸಿದ್ದೂ ಅವರೇ. ಅಂಥವರ ಮುಂದೆ ಯಾರ ಬಾಯಿ ತಾನೇ ಏಳುತ್ತದೆ?

ಊಟವಾದ ಮೇಲೆ ಅಂಕಲ್ ಎಲ್ಲರನ್ನೂ ಗ್ಯಾರೇಜಿಗೆ ಕರೆದೊಯ್ದು ಗೋಡೆಯ ಮೇಲಿದ್ದ ಸ್ಕೀ ಇಳಿಸಿ, ಇದನ್ನೇ ಒಯ್ಯಿರಿ ಎಂದರು. ಹಿಂದಿನ ವರ್ಷ ಆಸೆಪಟ್ಟು ಕೊಂಡದ್ದು. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಹೊಸ ಬಗೆಯದು, ಎರಡು ಕೆಲಸ ಮಾಡುವ ಹೈಬ್ರಿಡ್. ಗುಡ್ಡ ಹತ್ತುವಾಗ ಹಿಮ್ಮಡಿ ಏಳಲು ಬಿಡುತ್ತದೆ, ಇಳಿಯುವಾಗ ಇಡೀ ಬೂಟನ್ನು ಕಚ್ಚಿ ಹಿಡಿಯುತ್ತದೆ. ಬಿದ್ದಾಗ ಮಾತ್ರ ಅದು ತಾನಾಗಿ ಬಿಟ್ಟುಕೊಡಬೇಕು. ಆಗ ಕಾಲು ಒಂದು ಕಡೆ, ಸ್ಕೀ ಒಂದು ಕಡೆ ಹೋಗುತ್ತದೆ, ಮೂಳೆ ಉಳಿಯುತ್ತದೆ. ಎಷ್ಟು ಬಲಕ್ಕೆ ಬಿಡಬೇಕು ಎನ್ನುವುದಕ್ಕೆ ಒಂದು ಅಂಕಿ ಇರುತ್ತದೆ. ಅದು ಪುಟ್ಟ ಕಿಟಕಿಯಲ್ಲಿ ಕಾಣುತ್ತದೆ, ಪಕ್ಕದ ಸ್ಕ್ರೂ ತಿರುಗಿಸಿದರೆ ಬದಲಾಗುತ್ತದೆ, ಅಂಕಿ ಹೆಚ್ಚಿದಷ್ಟೂ ಹಿಡಿತ ಬಿಗಿ.

ಆ ಕಿಟಕಿ ಅಂದು ಕಾಣಲಿಲ್ಲ. ಆಯುಧಪೂಜೆಯಲ್ಲಿ ಅಂಕಲ್ ಹೆಂಡತಿ ಚಂದ್ರಪ್ರಭಾ ಆಂಟಿ ಎರಡು ಕಾರು, ಹುಲ್ಲು ಕತ್ತರಿಸುವ ಯಂತ್ರದ ಜೊತೆ ಸ್ಕೀಗಳಿಗೂ ಗಂಧ ಕುಂಕುಮ ಇಟ್ಟಿದ್ದರು. ಗಂಧ ಸರಿಯಾಗಿ ಕಿಟಕಿಯ ಮೇಲೇ ಒಣಗಿ ಗಟ್ಟಿಯಾಗಿತ್ತು.

"ಅಂಕಲ್, ಇದನ್ನ ಒಂದ್ಸಲ ಅಂಗಡೀಲಿ ಚೆಕ್ ಮಾಡಿಸಿದ್ರೆ ಒಳ್ಳೇದಲ್ವಾ? ನಿಮ್ಮ ತೂಕ ಬೇರೆ, ಜಯಂತನ ತೂಕ ಬೇರೆ," ಎಂದಳು ನಿರುಪಮಾ.

ಅಂಕಲ್ ನಕ್ಕರು. "ಮೂವತ್ತೈದು ವರ್ಷ ನಟ್ಟು ಬೋಲ್ಟಲ್ಲೇ ಬದುಕಿದೀನಮ್ಮ. ಹೋದ ವರ್ಷ ಇದು ಸುಮ್ಸುಮ್ನೆ ಕಳಚ್ಕೊಂಡು ಎಲ್ರ ಮುಂದೆ ನನ್ನ ಬೀಳಿಸ್ತು. ನಾನೇ ಬಿಗಿ ಮಾಡ್ದೆ. ಈಗ ಜಪ್ಪಯ್ಯ ಅಂದ್ರೂ ಬಿಡಲ್ಲ."

ಜಪ್ಪಯ್ಯ ಅಂದರೂ ಬಿಡದ ಬೈಂಡಿಂಗ್ ಏನು ಮಾಡುತ್ತದೆ ಎಂದು ಆ ಗ್ಯಾರೇಜಿನಲ್ಲಿ ಸರಿಯಾಗಿ ಗೊತ್ತಿದ್ದವಳು ಅವಳೊಬ್ಬಳೇ. ಉಗುರಿನಿಂದ ಆ ಗಂಧ ಕೆರೆದು ಅಂಕಿ ನೋಡೋಣವೆಂದು ಅವಳ ಕೈ ಮುಂದೆ ಹೋಯಿತು. ದೇವರಿಗೆ ಏರಿಸಿದ್ದನ್ನು ಕೆರೆಯುವುದೇ ಎಂದು ಆಂಟಿಯ ಮುಖ ನೋಡಿದಳು, ಕೈ ಹಿಂದೆ ಬಂತು. ಜಯಂತ ಆಗಲೇ ಅಂಕಲ್‌ರ ಬೂಟಿಗೆ ಕಾಲು ತೂರಿಸಿ, ಅಳತೆ ಮಾಡಿಸಿದಂತಿದೆ ಎಂದು ಖುಷಿಪಡುತ್ತಿದ್ದ. ಬಾಡಿಗೆಗೆ ತಂದುಕೊಳ್ಳುತ್ತೇವೆ ಎನ್ನಬೇಕೆಂದಿದ್ದವಳು ಸ್ಕೀಯನ್ನು ಕಾರಿಗೆ ಏರಿಸಲು ಕೈ ಜೋಡಿಸಿದಳು. ಹೊರಡುವಾಗ ಆಂಟಿ ಡಬ್ಬದ ತುಂಬ ಕೋಡುಬಳೆಯನ್ನೂ ಕೊಟ್ಟರು.

ಕೊಲರಾಡೋದಲ್ಲಿ ಎರಡನೆಯ ದಿನ ಬೆಳಗ್ಗೆ ಜಯಂತ ಬಿದ್ದ. ದೊಡ್ಡದಾಗಿ ಬಿದ್ದದ್ದೇನಲ್ಲ. ಮಕ್ಕಳು ಜಾರುವಂಥ ಇಳಿಜಾರು, ವೇಗವೂ ಇರಲಿಲ್ಲ. ಸ್ಕೀಯ ತುದಿ ಹಿಮದಲ್ಲಿ ಸಿಕ್ಕಿತು, ಮೈ ಒಂದು ಕಡೆ ತಿರುಗಿತು, ಸ್ಕೀ ತಿರುಗಲಿಲ್ಲ. ಬಿಟ್ಟುಕೊಡಬೇಕಾದದ್ದು ಬಿಟ್ಟುಕೊಡಲಿಲ್ಲ, ಮೂಳೆ ಬಿಟ್ಟುಕೊಟ್ಟಿತು. ನಿರುಪಮಾ ಕೆಳಗೆ ನಿಂತು ಫೋನಿನಲ್ಲಿ ಅವನ ವಿಡಿಯೋ ತೆಗೆಯುತ್ತಿದ್ದಳು. ಆ ವಿಡಿಯೋವನ್ನು ಅವಳು ಅಳಿಸಿಲ್ಲ, ನೋಡಿಯೂ ಇಲ್ಲ.

ಮೊಣಕಾಲಿನ ಕೆಳಗಿನ ಮೂಳೆ ತಿರುಚಿ ಸೀಳಿತ್ತು, ಸೀಳು ಕೀಲಿನೊಳಕ್ಕೂ ಹೋಗಿತ್ತು. ಅಲ್ಲೇ ಆಪರೇಷನ್ ಆಯಿತು, ಲೋಹದ ಪಟ್ಟಿ ಕೂರಿಸಿ ಸ್ಕ್ರೂ ಹಾಕಿದರು. ಜಯಂತ ಮೊದಲು ಕೇಳಿದ್ದು ಡಿಸೆಂಬರ್ ಬಗ್ಗೆ. ನಡೆಯಬಹುದು, ನಿಧಾನವಾಗಿ ಮೆಟ್ಟಿಲೂ ಹತ್ತಬಹುದು, ಆದರೆ ಆ ಮಂಡಿಯನ್ನು ನೆಲಕ್ಕೂರಿ ತಿರುಗುವುದನ್ನು ಮರೆಯಬೇಕು ಎಂದರು ಡಾಕ್ಟರು. ಎಷ್ಟೋ ಜನರಿಗೆ ಇದೇ ಮಾತನ್ನು ಮೆಲ್ಲಗೆ ಹೇಳಿದ್ದ ನಿರುಪಮಾ ಅಂದು ಕೇಳಿಸಿಕೊಂಡಳು.

ಸಂಜೆ ಅವರ ಸಾಮಾನು ಆಸ್ಪತ್ರೆಯ ರೂಮಿಗೆ ಬಂತು. ಸ್ಕೀಗಳು ಬಾಗಿಲ ಬಳಿ ಒರಗಿದ್ದವು. ಗಂಧ ಕುಂಕುಮ ಹಿಮದಲ್ಲಿ ತೊಳೆದುಹೋಗಿತ್ತು. ಕಿಟಕಿಯಲ್ಲಿ ಅಂಕಿ ನಿಚ್ಚಳವಾಗಿ ಕಾಣುತ್ತಿತ್ತು: ಹನ್ನೆರಡು. ಜಯಂತನಂಥ ಸಣಕಲು ಆಳಿಗೆ, ಅದೂ ಈಗಷ್ಟೇ ಕಲಿಯುತ್ತಿರುವವನಿಗೆ, ಆರು ಬೇಕಾದಷ್ಟಾಗುತ್ತಿತ್ತು. ಅಲೆನ್‌ನ ಗ್ಯಾರೇಜಿನಲ್ಲಿ ಒಂದು ಉಗುರು ಆಡಿಸಿದ್ದರೆ ಇದನ್ನು ಅಂದೇ ನೋಡಬಹುದಿತ್ತು. ತನ್ನ ಮೇಲೆ ತನಗೇ ಹೇಸಿಗೆಯಾಗಿ ಅವಳು ಅತ್ತಳು.

ಡಾಲಸ್‌ಗೆ ಮರಳಿದ ಮೇಲೆ ಅಂಕಲ್, ಆಂಟಿ ಬಿಸಿಬೇಳೆಬಾತ್ ಹಿಡಿದು ನೋಡಲು ಬಂದರು. ಹೊಸ ಮಾಡೆಲ್ಲುಗಳನ್ನೇ ನಂಬುವ ಹಾಗಿಲ್ಲ, ಒಂದರಲ್ಲಿ ಎರಡು ಕೆಲಸ ಅಂದರೆ ಹೀಗೇ, ಕಂಪನಿಯವರ ಮೇಲೆ ಕೇಸು ಹಾಕಬೇಕು ಎಂದು ಅಂಕಲ್ ಶುರುಮಾಡಿದರು.

ಈ ಸಲ ನಿರುಪಮಾ ಅರ್ಧಕ್ಕೆ ನಿಲ್ಲಿಸಲಿಲ್ಲ.

"ಅಂಕಲ್, ಅದು ಕಳಚಿಕೊಳ್ಳೋದು ದೋಷ ಅಲ್ಲ, ಅದರ ಕೆಲಸವೇ ಅದು. ನಿಮಗೆ ಯಾಕೆ ಸುಮ್ನೆ ಕಳಚ್ತು ಅಂತ ನೋಡ್ಬೇಕಿತ್ತು. ನೀವು ಅದರ ಬಾಯಿ ಹೊಲಿದ್ರಿ. ನಂಗೆ ಗೊತ್ತಿತ್ತು, ನಾನು ನನ್ನ ಬಾಯಿ ಹೊಲ್ಕೊಂಡೆ. ಇಬ್ರೂ ಸೇರಿ ಇವನ ಕಾಲು ಮುರಿದ್ವಿ."

ಅಂಕಲ್ ಮೂಲೆಯಲ್ಲಿದ್ದ ಸ್ಕೀ ಎತ್ತಿಕೊಂಡು ಹೊರಟುಹೋದರು. ಆಂಟಿ ಡಬ್ಬ ಅಲ್ಲೇ ಮರೆತರು.

ಮರುವಾರ ಅಂಕಲ್ ಒಬ್ಬರೇ ಬಂದರು, ನಿಂತೇ ಮಾತಾಡಿದರು. ಸ್ಕೀಯನ್ನು ಅಂಗಡಿಗೆ ಒಯ್ದು ಯಂತ್ರದಲ್ಲಿ ಪರೀಕ್ಷೆ ಮಾಡಿಸಿದ್ದರಂತೆ. ಬೂಟಿನ ಮುಂಭಾಗ ಕೂರುವ ಎತ್ತರವೇ ಅವರ ಬೂಟಿಗೆ ಹೊಂದಿರಲಿಲ್ಲ, ಅದಕ್ಕೇ ಅದು ಸುಮ್ಮಸುಮ್ಮನೆ ಕಳಚುತ್ತಿತ್ತು. ಎತ್ತರ ಸರಿಪಡಿಸಿದ್ದರೆ ಸಾಕಿತ್ತು, ಬಿಗಿಯುವ ಸ್ಕ್ರೂ ಮುಟ್ಟಬೇಕಾಗಿಯೇ ಇರಲಿಲ್ಲ. "ತಪ್ಪು ಸ್ಕ್ರೂ ತಿರುಗಿಸಿದೆ ಕಣಮ್ಮ," ಎಂದರು. ಅವರಿಗೆ ಅರ್ಥವಾಗಿತ್ತು. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ರಾಜ್ಯೋತ್ಸವದ ದಿನ ಜಯಂತ ಹಟ ಹಿಡಿದು ಪೇರ್ಲ್ಯಾಂಡಿಗೆ ಹೊರಟ, ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿಕೊಂಡು. ಅವನ ವೇಷ ಆಸ್ಟಿನ್‌ನಿಂದ ಬಂದ ಹುಡುಗನೊಬ್ಬನ ಪಾಲಾಗಿತ್ತು. ಹುಡುಗ ಚೆನ್ನಾಗಿಯೇ ಕುಣಿದ. ಮಂಡಿಯೂರಿ ಸುತ್ತತೊಡಗಿದಾಗ ಸಭೆ ಎದ್ದು ಚಪ್ಪಾಳೆ ತಟ್ಟಿತು. ಗಾಲಿಕುರ್ಚಿಯಲ್ಲಿದ್ದ ಜಯಂತನಿಗೆ ಮುಂದಿನವರ ಬೆನ್ನು ಮಾತ್ರ ಕಂಡಿತು. "ಎಷ್ಟು ಸುತ್ತು ಹಾಕ್ದ?" ಎಂದು ಹೆಂಡತಿಯನ್ನು ಕೇಳಿದ. ಅವಳು ಎಣಿಸಿರಲಿಲ್ಲ.

ಓದುತ್ತಿರುವ ಅಣ್ಣ, ಅಕ್ಕ, ನಿಮ್ಮ ಗ್ಯಾರೇಜಿನ ಗೋಡೆಯ ಮೇಲೂ ಒಂದು ಜೊತೆ ಇದ್ದೀತು. ಒಬ್ಬರಿಗೆ ಹೊಂದಿಸಿದ ಬೈಂಡಿಂಗ್ ಇನ್ನೊಬ್ಬರ ಕಾಲಿಗಲ್ಲ. ಆ ಅಂಕಿ ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಉದ್ದ, ನಿಮ್ಮ ಅನುಭವ ಎಲ್ಲ ನೋಡಿ ಕೂರಿಸುವಂಥದ್ದು. ಹೈಬ್ರಿಡ್ ಆದರೆ ಬೂಟಿನ ಅಡಿ ಅದಕ್ಕೆ ಹೊಂದುತ್ತದೆಯೇ, ಮುಂಭಾಗದ ಎತ್ತರ ಸರಿಯಿದೆಯೇ ಎಂದೂ ನೋಡಿಸಬೇಕು. ಹತ್ತುವ ಹಂತದಿಂದ ಇಳಿಯುವ ಹಂತಕ್ಕೆ ಬದಲಿಸುವಾಗ ಅಂಟಿದ ಹಿಮ ಕೆರೆದು, ಬೈಂಡಿಂಗಿನ ಲಿವರ್ ಪೂರ್ತಿ ಕೂತಿತೇ ಎಂದು ಕೈಯಿಂದಲೇ ಮುಟ್ಟಿ ನೋಡಿ. ಸುಮ್ಮನೆ ಕಳಚಿದರೆ ಬಿಗಿಯಬೇಡಿ, ವರ್ಷಕ್ಕೊಮ್ಮೆ ಹೇಗೂ ಹೋಗಬೇಕಾದ ಅಂಗಡಿಗೆ ಆಗಲೇ ಹೋಗಿ. ಎಲ್ಲ ಸರಿಯಿದ್ದರೂ ಮೊಣಕಾಲಿಗೆ ಪೂರ್ತಿ ಭರವಸೆ ಯಾರೂ ಕೊಡಲಾರರು. ಸರಿಯಿಲ್ಲದಿದ್ದರೆ ಏನಾಗುತ್ತದೆ ಎಂದು ಜಯಂತನನ್ನು ಕೇಳಿ.

ಹಿರಿಯರು ಪ್ರೀತಿಯಿಂದ ಕೊಟ್ಟರೆ ಕೋಡುಬಳೆ ತೆಗೆದುಕೊಳ್ಳಿ, ಸ್ಕೀ ಬೇಡ ಎನ್ನಿ. ಅವರಿಗೆ ಬೇಜಾರಾದರೆ ಆಗಲಿ, ಅದು ವಾಸಿಯಾಗುತ್ತದೆ. ಆಯುಧಪೂಜೆಯನ್ನೂ ಬಿಡಬೇಡಿ. ಗಂಧ ಕುಂಕುಮ ಇಡುವ ಮುಂಚೆ ಆ ಕಿಟಕಿಯೊಳಗಿನ ಅಂಕಿ ಓದಿ.