ಹಿಂಸಾ ಬಿಟ್ಟ ಗಿಡ

ಒಂದು ಕಾಲು ಎತ್ತಿತು, ಹೌದು, ಎತ್ತಿತು, ಕುಂಚದ ಒದ್ದೆ ತುದಿಗೆ ಅಂಟಿದ ಗುಂಗುರು ಹುಳ ಸತ್ತಿಲ್ಲ, ಫ್ರಿಜ್ಜಿನ ಥಂಡಿಗೆ ಮೈಮರೆತಿತ್ತು ಅಷ್ಟೆ, ಈಗ ಮನೆ ಮೇಲಿನ ಗಚ್ಚಿಯ ಬಿಸಿಲಿಗೆ ಎಚ್ಚರಾಗುತ್ತಿದೆ, ಎಚ್ಚರಾಗುವ ಮೊದಲೇ ಬ್ರಾಹ್ಮಿ ಅದನ್ನು ಹುಳ ತಿನ್ನುವ ಗಿಡದ ಎಲೆಯ ಮೇಲಿಟ್ಟು ಮುಗಿಸಬೇಕಿತ್ತು, ನಿದ್ದೆಯಲ್ಲಿದ್ದುದನ್ನು ಇಟ್ಟಿದ್ದರೆ ಪಾಪ ಕಡಿಮೆಯಾಗುತ್ತಿತ್ತೇ, ಯಾರು ಹೇಳಿದರು, ಆಯಿಯಂತೂ ಹಾಗೆ ಹೇಳುವವಳಲ್ಲ, ಮಾಡಿದವರಿಗೂ ಮಾಡಿಸಿದವರಿಗೂ ನಿಂತ ನೋಡಿ ಒಪ್ಪಿದವರಿಗೂ ಪಾಪ ಒಂದ ಪಾಲ, ಕಮ್ಮಿ ಇಲ್ಲ ಜಾಸ್ತಿ ಇಲ್ಲ, ಎಂದು ಚಿಕ್ಕಂದಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತುತ್ತು ಕೊಡುತ್ತ ಹೇಳಿದ ಅಜ್ಜಿ ಅವಳು, ಸಖುಬಾಯಿ, ಮಿರಜಿನ ಈ ಓಣಿಯ ಜೈನರ ಮನೆಗಳಲ್ಲಿ ಈ ವಯಸ್ಸಿನಲ್ಲೂ ಪರ್ವದ ಹತ್ತು ದಿನ ಉಪವಾಸ ಮಾಡಿದವಳು ಅವಳೊಬ್ಬಳೇ. ಇವತ್ತು ಕ್ಷಮಾವಣಿ, ಪರ್ವ ಮುಗಿದ ಮರುದಿನ, ಬೆಳಗಿನಿಂದ ಆಯಿ ಮನೆ ಮನೆಗೆ ಹೋಗಿ ಕೈ ಮುಗಿದು ಉತ್ತಮ ಕ್ಷಮಾ, ಉತ್ತಮ ಕ್ಷಮಾ ಎಂದು ವರ್ಷದ ತಪ್ಪಿಗೆಲ್ಲ ಮಾಫಿ ಕೇಳುತ್ತಿದ್ದಾಳೆ, ಹೊರಗಿನವರದು ಮುಗಿದ ಮೇಲೆ ಮನೆಯವರ ಸರದಿ, ಅಂದರೆ ತನ್ನ ಸರದಿ, ಈಗಲೋ ಆಗಲೋ ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳುತ್ತದೆ, ಅಷ್ಟರೊಳಗೆ ಇದನ್ನು ಮಾಡಿ ಹುಳದ ಬಾಟಲಿ ಬಚ್ಚಿಡಬೇಕು.

ಹಾತಾನೆ ಭರವ, ಎಂದಿದ್ದರು ಫೋನಿನಲ್ಲಿ ಕೇತನ ಸರ್, ಸಾಂಗಲಿಯ ಕಾಲೇಜಿನಲ್ಲಿ ಅವಳ ಪಿಎಚ್‌ಡಿಯ ಗೈಡು, ಕೈಯಾರೆ ಉಣಿಸು, ಮರಾಠಿಯಲ್ಲಿ ಮಗುವಿಗೆ ತುತ್ತು ಕೊಡುವುದಕ್ಕೆ ಬಳಸುವ ಮಾತು, ಎಷ್ಟು ಸಲೀಸಾಗಿ ಬಂತು ಅವರ ಬಾಯಲ್ಲಿ, ಅವರ ಮನೆಯಲ್ಲಿ ಸೊಳ್ಳೆಗೆ ಬ್ಯಾಟು ಇದೆ, ಇವಳ ಮನೆಯಲ್ಲಿ ಇರುವೆ ಬಂದರೆ ದಾರಿ ಬಿಟ್ಟು ಕೂರುತ್ತಾರೆ, ಇಷ್ಟು ವರ್ಷ ಬರೀ ನೋಡಿದ್ದಾಳೆ ಬ್ರಾಹ್ಮಿ, ತಾನಾಗಿ ಬಂದ ಹುಳ ತಾನಾಗಿ ಸಿಕ್ಕಿಕೊಂಡದ್ದನ್ನು ಭೂತಗನ್ನಡಿ ಹಿಡಿದು ನೋಡಿದ್ದಾಳೆ, ನೋಡುವುದರಲ್ಲಿ ತನ್ನ ಕೈ ಇಲ್ಲ ಎಂದು ಸಮಾಧಾನ ಹೇಳಿಕೊಂಡಿದ್ದಾಳೆ. ದವಬಿಂದು, ರೂಪಾಯಿ ಅಗಲದ ಗಿಡ, ನೆಲಕ್ಕೆ ಒತ್ತಿದಂತೆ ಕುಳಿತ ಸಣ್ಣ ಚಮಚದಂಥ ಎಲೆಗಳು, ಎಲೆಯ ತುಂಬ ಕೆಂಪು ಕೂದಲು, ಪ್ರತಿ ಕೂದಲ ತಲೆಯಲ್ಲಿ ಅಂಟಿನ ಹನಿ, ಸಿಹಿಯೆಂದು ಬಂದ ಹುಳ ಕಾಲಿಡುತ್ತದೆ, ಕಾಲೆತ್ತಲು ನೋಡುತ್ತದೆ, ಅಷ್ಟೆ. ಕ್ರೂರಿ ಗಿಡ ಎನ್ನುವವರು ಅದರ ನೆಲವನ್ನು ನೋಡಿಲ್ಲ, ತಮ್ಮೂರು ಮ್ಹೈಸಾಳದಾಚೆ ತಮ್ಮದೇ ಮಾಳ, ಬರೀ ಮುರುಮು, ಜಲ್ಲಿಯಂಥ ಕೆಂಪು ಮಣ್ಣು, ಹುಲ್ಲೂ ನೆಟ್ಟಗೆ ಏಳದ ನಿಸ್ಸಾರ ನೆಲ, ಮಳೆಗಾಲದಲ್ಲಿ ಬಂಡೆಯಿಂದ ನೀರು ಜಿನುಗುವ ಕಡೆ ಕೆಂಪಗೆ ಹರಡಿಕೊಳ್ಳುತ್ತಿತ್ತು, ನೆಲ ಕೊಡದ್ದನ್ನು ಹುಳದಿಂದ ತೆಗೆದುಕೊಳ್ಳುತ್ತಿತ್ತು, ಹೂವನ್ನು ಮಾತ್ರ ಉದ್ದ ದಂಟಿನ ತುದಿಗೆ ಎತ್ತಿ ಹಿಡಿಯುತ್ತಿತ್ತು, ಪರಾಗ ತರುವ ನೆಂಟರು ಕೆಳಗಿನ ಅಡುಗೆಮನೆಗೆ ಬೀಳಬಾರದಲ್ಲ. ಕಾಲುವೆಯ ನೀರು ಬಂತು, ಪಂಕಜದಾದಾ ಜೆಸಿಬಿ ತಂದ, ಮಾಳ ಸಮ ಮಾಡಿ ಕಬ್ಬು ಹಚ್ಚಿದ, ಮಾಳ ಅಂತ ಬಿಟ್ಟರ ಮಾಳ ಹೊಟ್ಟಿಗಿ ಹಾಕತೈತೇನ ಬ್ರಾಹ್ಮಿ, ಅಂದ ಅಣ್ಣ, ಅವನದೂ ತಪ್ಪಲ್ಲ, ಗೊಬ್ಬರ ಕರಗಿದ ನೀರು ಅಂಚಿಗೆ ಜಿನುಗಿತು, ಹುಲ್ಲು ಎದೆಯೆತ್ತರ ಬಂತು, ಅದರ ನೆರಳಿನಲ್ಲಿ ಉಳಿದ ದವಬಿಂದುಗಳು ಕೆಂಪು ಕಳೆದುಕೊಂಡು ಹಸಿರಾದವು, ಹನಿ ಇಳಿಯಿತು, ಇರುವೆಗಳು ಎಲೆಯ ಮೇಲೆ ಆರಾಮಾಗಿ ತಿರುಗಾಡಿದವು, ಈ ಮಳೆಗೆ ಎದ್ದದ್ದು ಬೆರಳೆಣಿಕೆಯಷ್ಟೆ, ಅವೂ ಹೋಗುವ ಮೊದಲೇ ಇದ್ದಷ್ಟನ್ನೂ ಮುರುಮಿನ ಸಮೇತ ಕಿತ್ತು ಕುಂಡಗಳಲ್ಲಿಟ್ಟು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳಲ್ಲ ಅವಳು, ಇಲ್ಲಿ, ಈ ಗಚ್ಚಿಗೆ, ಕೆಲವನ್ನು ಸೊಳ್ಳೆ ಪರದೆಯೊಳಗೆ, ಕೆಲವನ್ನು ತೆರೆದು, ತಿಂದದ್ದು ಹೇಗೆ ಬೆಳೆಯುತ್ತದೆ, ತಿನ್ನದ್ದು ಹೇಗೆ ಸೊರಗುತ್ತದೆ, ನೋಡಲು.

ತೆರೆದಿಟ್ಟವೇ ಚೆನ್ನಾಗಿದ್ದವು, ಪರ್ವಕ್ಕೆ ಮೊದಲು ಅವಳು ಸೆಮಿನಾರಿಗೆಂದು ಪುಣೆಗೆ ಹೋಗಿಬಂದಳು, ಬಂದು ನೋಡಿದರೆ ಎಲ್ಲ ಹಸಿರು, ಹೊಳೆಯುವ ಹಸಿರು, ಒಂದು ಎಲೆಗೂ ಹನಿಯಿಲ್ಲ, ಪಕ್ಕದಲ್ಲಿ ಆಯಿ ನಗುತ್ತ ನಿಂತಿದ್ದಳು, ನೋಡ ಬ್ರಾಹ್ಮಿ, ಹೆಂಗ ಹಸರ ಆಗ್ಯಾವ, ಹಿಂಸಾ ಬಿಟ್ಟಾವ. ಏನ ಮಾಡಿದ್ರಿ ಆಯಿ. ಪಾಪ, ಹಸದಾವಂತ ಹುಳಾ ತಿಂತಿದ್ದೂ, ಹೊಟ್ಟಿ ತುಂಬಿಸಿದ್ರ ಯಾಕ ಕೊಲ್ತಾವ, ಪಂಕಜನ ಕಡೆ ಮುಷ್ಟಿ ಯೂರಿಯಾ ತರಿಸಿದ್ದೆ, ದಿನಾ ಚೂರ ಚೂರ ನೀರಾಗ ಹಾಕಿ ಕೊಟ್ಟೇನಿ, ಸೋಸಿದ ನೀರಾಗ, ಪರದೇದೊಳಗಿನವಕ್ಕ ಹಾಕಲಿಲ್ಲ, ಅವು ಮೊದಲ ಏನೂ ತಿನ್ನೂದಿಲ್ಲ. ಸೋಸಿದ ನೀರು, ಗಿಡವನ್ನು ಕೊಲ್ಲುವ ನೀರಿನಲ್ಲಿ ಒಂದು ಹುಳವೂ ಸಾಯಬಾರದೆಂದು ಎರಡು ಪದರ ಬಟ್ಟೆಯಲ್ಲಿ ಸೋಸಿ ಕೊಟ್ಟಿದ್ದಳು ಆಯಿ, ನಗಬೇಕೋ ಅಳಬೇಕೋ, ಎರಡೂ ಆಗದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು ಬ್ರಾಹ್ಮಿ. ನಾಲ್ಕಾರು ದಿನಕ್ಕೆ ಎಲೆಯ ಅಂಚು ಕಪ್ಪಾಯಿತು, ಬುಡ ಕೊಳೆಯಿತು, ಉಪವಾಸದಲ್ಲಿರುವ ಮುದುಕಿಗೆ ಏನು ಹೇಳುವುದು, ಹೇಳಲಿಲ್ಲ, ಸಿಟ್ಟು ಮಾತ್ರ ಇತ್ತು, ಈಗಲೂ ಇದೆ, ಯಾಕೆಂದರೆ ಆಯಿಗೆ ಗೊತ್ತಿತ್ತು, ಗೊತ್ತಿಲ್ಲದವಳಲ್ಲ ಅವಳು, ಮ್ಹೈಸಾಳದ ಮನೆಯಲ್ಲಿದ್ದಾಗ ಬಾವಿಯ ನೀರು ಸೋಸಿದ ಮೇಲೆ ಬಟ್ಟೆಯನ್ನು ತಿರುವಿ, ಅದರಲ್ಲುಳಿದ ಕಣ್ಣಿಗೆ ಕಾಣದ ಜೀವಗಳನ್ನು ನೀರು ಹಾಕಿ ಇಳಿಸಿ, ಮೆಲ್ಲಗೆ ಅದೇ ಬಾವಿಗೆ ಬಿಟ್ಟುಬರುತ್ತಿದ್ದವಳು, ಪಕ್ಕದ ಬಾವಿಗೆ ಬಿಟ್ರ ಏನಾಗತೈತಿ ಆಯಿ, ಎಂದು ಕೇಳಿದ್ದಕ್ಕೆ, ಯಾವ ನೀರಾಗ ಹುಟ್ಟೇತಿ ಆ ನೀರಾಗ ಬದಕತೈತಿ ಮಗಳ, ಬ್ಯಾರೇದರಾಗ ಬಿಟ್ರ ಸಾಯತೈತಿ, ಅಂದವಳು. ಮತ್ತೆ ತಾನು? ಮಾಳದ್ದನ್ನು ಮಿರಜಿನ ಗಚ್ಚಿಗೆ ತಂದವಳು ತಾನಲ್ಲವೇ, ಆ ಪ್ರಶ್ನೆ ಬೇಡ, ಈಗ ಬೇಡ.

ಪರದೆಯೊಳಗಿನವೂ ಹಸಿವಿಗೆ ಸೊರಗಿ ಹೋದವು, ಉಳಿದದ್ದು ಇದೊಂದೇ, ಒಂದು ಗಿಡ, ಬಡಕಲು ಎಲೆ, ಆದರೆ ಕೆಂಪು, ಹನಿ ಇದೆ, ನಡುವಿನಿಂದ ಹೂವಿನ ದಂಟು ಬೆರಳುದ್ದ ಎದ್ದು ಅಲ್ಲೇ ನಿಂತುಬಿಟ್ಟಿದೆ, ಮುಂದೆ ಹೋಗಲು ಬಲವಿಲ್ಲ, ಮಳೆ ಹಿಂದೆಗೆಯುತ್ತಿದೆ, ಮಳೆಯ ಜೊತೆ ಸಾಯುವ ಗಿಡ ಇದು, ಸಾಯುವ ಮೊದಲು ಬೀಜ ಆಗದಿದ್ದರೆ ತಮ್ಮ ಮಾಳದ ದವಬಿಂದು ಇಲ್ಲಿಗೆ ಮುಗಿಯಿತು. ಪರದೆ ತೆಗೆದು ಕಾದಳು, ಓಣಿಯಲ್ಲಿ ಡೆಂಗಿಯ ಹೊಗೆ ಬಿಟ್ಟು ಹೋಗಿದ್ದರು, ಒಂದು ಸೊಳ್ಳೆಯೂ ಬರಲಿಲ್ಲ, ಕೊನೆಗೆ ಬಾಳೆಹಣ್ಣಿನ ಸಿಪ್ಪೆಯನ್ನು ಬಾಟಲಿಯಲ್ಲಿ ಕೊಳೆಸಿದಳು, ಕಳ್ಳಿಯ ಹಾಗೆ, ಗುಂಗುರು ಹುಟ್ಟಿದವು, ಹುಟ್ಟಿಸಿದಳು, ಸಾಯಿಸಲೆಂದೇ ಹುಟ್ಟಿಸಿದಳು, ಬಾಟಲಿಯನ್ನು ಫ್ರಿಜ್ಜಿನಲ್ಲಿ ಆಯಿಯ ತುಪ್ಪದ ಡಬ್ಬಿಯ ಹಿಂದೆ ಇಟ್ಟಳು, ಮತ್ತೆ ಕಾಲು ಎತ್ತಿತು, ಈ ಸಲ ಎರಡು, ಮೆಟ್ಟಿಲು, ಬಂದಳು.

ಬ್ರಾಹ್ಮಿ, ಎಂದು ಏದುಸಿರು ಬಿಡುತ್ತ ಕೈ ಜೋಡಿಸಿದಳು ಆಯಿ, ಉತ್ತಮ ಕ್ಷಮಾ, ಅರತೋ ಅರೀದೋ ನನ್ನಿಂದ ಏನರ ತಪ್ಪ ಆಗಿದ್ರ, ಎನ್ನುತ್ತಿದ್ದವಳು ಬರಿದಾದ ಕುಂಡಗಳ ಸಾಲನ್ನು ನೋಡಿ ನಿಂತಳು, ನಾ ಹಾಕಿದ ನೀರಿಗೇ ಹೋದೂವೇನ ಇವು. ಮಳೆ ಕಮ್ಮಿ ಆತು ಎಂದು ಸುಳ್ಳು ಹೇಳಿದರಾಯಿತು, ಒಂದು ಮಾತು, ಹತ್ತು ದಿನ ಅನ್ನ ಬಿಟ್ಟ ಜೀವ, ಹೌದ ಆಯಿ, ಎಂದುಬಿಟ್ಟಿತು ಬಾಯಿ. ಆಯಿ ಸೆರಗು ಸರಿಮಾಡಿಕೊಂಡಳು, ಮತ್ತೆ ಸರಿಮಾಡಿಕೊಂಡಳು, ಇದೂ ಹೋಗತೈತೇನ. ಉಣಸದಿದ್ರ ಬೀಜಾ ಆಗೂದಿಲ್ರಿ, ಆಮ್ಯಾಲ ಎಲ್ಲೂ ಇಲ್ಲ, ಮಾಳದಾಗೂ ಇಲ್ಲ. ಆಯಿಯ ಕಣ್ಣು ಕುಂಚದ ತುದಿಗೆ ಬಂತು, ಅದ ಜೀವಂತ ಐತಿ. ಹೂಂ, ನೀವ ಕೆಳಗ ಹೋಗ್ರಿ ಆಯಿ, ನೋಡಬ್ಯಾಡ್ರಿ. ಹೋಗಲಿ, ಹೋಗುತ್ತಾಳೆ, ಹೋಗಲೇಬೇಕು, ನಿಂತರೆ ಒಂದ ಪಾಲ ಎಂದು ಹೇಳಿಕೊಟ್ಟವಳೇ ಅವಳು, ಬ್ರಾಹ್ಮಿ ಕಾಯುತ್ತಿದ್ದಾಳೆ, ಹೆಜ್ಜೆಯ ಸಪ್ಪಳ ಇಲ್ಲ, ಆಯಿ ಹೋಗಲಿಲ್ಲ, ಕಣ್ಣೂ ಮುಚ್ಚಲಿಲ್ಲ, ಇನ್ನಷ್ಟು ಹತ್ತಿರ ಬಂದು ನಿಂತಳು, ಬ್ರಾಹ್ಮಿ ಕುಂಚ ಇಳಿಸಿದಳು, ಎಲೆಗೆ ತಾಗಿಸಿದಳು, ತೆಗೆದಳು, ಪಕ್ಕದಲ್ಲಿ ಆಯಿಯ ಜೋಡಿಸಿದ ಕೈ ತನ್ನ ಕಡೆಯಿಂದ ಎಲೆಯ ಕಡೆಗೆ ತಿರುಗಿತು, ಉತ್ತಮ ಕ್ಷಮಾ, ಎಂದಳು ಆಯಿ, ಕೆಂಪು ಕೂದಲೊಂದು ಬಾಗಿತು, ಗುಂಗುರು ಒಂದು ಕಾಲು ಎತ್ತಿತು, ಅಂಟಿನ ಎಳೆ ಕಾಲಿನ ಜೊತೆಗೇ ಮೇಲೆ ಬಂತು, ಹರಿಯಲಿಲ್ಲ, ಕಾಲು ಎತ್ತಿತು, ಕಾಲು —