ಮಗ ಚುರುಕಾಗಲೆಂದು ನಿಲ್ಲಿಸಿದ ಮಾತ್ರೆ

ಮಗ ಹಗಲೆಲ್ಲ ತೂಕಡಿಸುತ್ತಾನೆ ಅನ್ನೋದೇ ಟೈಲರಮ್ಮನ ಕೊರಗು. ಯಾರೋ ಕಿವಿಯಲ್ಲಿ ಬೈಯುತ್ತಾರೆಂದು ನಡುಗುತ್ತಿದ್ದ ಹುಡುಗ, ಆಸ್ಪತ್ರೆಯ ಮಾತ್ರೆ ಶುರುವಾದ ಮೇಲೆ ಸುಧಾರಿಸಿ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವ ಕೆಲಸಕ್ಕೂ ಹೋಗುತ್ತಿದ್ದ. ಮದುವೆ ವಿಡಿಯೊ ತೆಗೆಯುವ ಅಕ್ಕ, ಅವನ ಒಪ್ಪಿಗೆ ಪಡೆದು ಅವನ ಕಾಯಿಲೆಯ ಬಗ್ಗೆ ಮನೆಯಲ್ಲೇ ಚಿತ್ರ ಮಾಡುತ್ತಿದ್ದಳು.

"ಹುಷಾರಾದವನಿಗೆ ಇನ್ನೂ ಮಾತ್ರೆ ಯಾಕೆ?" ಎಂದು ಟೈಲರಮ್ಮ ಪಕ್ಕದ ಮನೆಯ ನರ್ಸನ್ನು ಕೇಳಿದಳು.

"ಮಾತ್ರೆ ತಗೊಳ್ತಿರೋದಕ್ಕೇ ಹುಷಾರಾಗಿರೋದು ಅಕ್ಕ. ನಿದ್ದೆ ಜಾಸ್ತಿ ಅಂತ ಡಾಕ್ಟರಿಗೆ ಹೇಳಿ, ಏನಾದ್ರೂ ಬದಲಾಯಿಸ್ತಾರೆ. ನೀವಾಗೇ ನಿಲ್ಲಿಸ್ಬೇಡಿ."

ಹೆತ್ತವಳಿಗಿಂತ ಇವಳಿಗೆ ಜಾಸ್ತಿ ಗೊತ್ತೋ ಎಂದುಕೊಂಡಳು ಟೈಲರಮ್ಮ. ಮಾತ್ರೆಯನ್ನು ಚೆಲ್ಲಿ, ಅದೇ ಬಣ್ಣದ ವಿಟಮಿನ್ ಮಾತ್ರೆ ಕೊಡತೊಡಗಿದಳು. ಕೆಲವು ದಿನ ಮಗ ಚುರುಕಾದ. ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು.

ಎರಡು ತಿಂಗಳಿಗೆ ಅವನು ಹೊಲಿದ ಪುಸ್ತಕಗಳ ದಾರವನ್ನೆಲ್ಲ ಕತ್ತರಿಸಿ ಹಾಕಿದ. ಪುಸ್ತಕದ ಒಳಗಿಂದ ಯಾರೋ ಬೈಯುತ್ತಿದ್ದಾರೆ ಎಂದ. ಕೆಲಸ ಹೋಯಿತು, ಆಸ್ಪತ್ರೆ ಸೇರಿದ. ಮಾತ್ರೆ ತಪ್ಪಿತ್ತೇ ಎಂದು ಡಾಕ್ಟರು ಕೇಳಿದರೆ, "ಒಂದು ದಿನಾನೂ ಇಲ್ಲ" ಎಂದಳು ಮಹಾತಾಯಿ.

ಚಿತ್ರ ಜೋಡಿಸುತ್ತಿದ್ದ ಮಗಳು ಒಂದು ತುಣುಕು ನೋಡಿ ಬೆಚ್ಚಿದಳು. ಅಡುಗೆಮನೆಯಲ್ಲಿ ಆಫ್ ಮಾಡಲು ಮರೆತ ಕ್ಯಾಮೆರಾ. ಅಮ್ಮ ಮಾತ್ರೆಗಳನ್ನು ಒಂದೊಂದಾಗಿ ಬಿಡಿಸಿ ಸಿಂಕಿಗೆ ಹಾಕುತ್ತಿದ್ದಾಳೆ.

"ಏನಮ್ಮ ಇದು?"

"ಮೊದಲಿನ ಹಾಗೆ ಆಗ್ಲಿ ಅಂತ ಕಣೇ. ಪ್ರೀತಿಯಿಂದಾನೇ ಮಾಡಿದ್ದು."

"ಗೊತ್ತು. ಆದ್ರೆ ಆ ಮಾತ್ರೆ ನಾಟ್ತಿಲ್ಲ ಅಂದ್ಕೊಂಡು ಈಗ ಇನ್ನೂ ಜೋರಾದ್ದು ಕೊಡ್ತಿದಾರೆ. ನಡಿ, ನೀನೇ ಹೇಳು."

ಮಗನ ಎದುರಿಗೇ ಹೇಳಬೇಕಾಯಿತು. ಡಾಕ್ಟರು ಬೈಯಲಿಲ್ಲ. ಹಳೆಯ ಮಾತ್ರೆಯನ್ನೇ ಮತ್ತೆ ಶುರು ಮಾಡಿ, ತೂಕಡಿಕೆ ಕಡಿಮೆಯಾಗುವಂತೆ ಅದನ್ನು ನುಂಗುವ ಹೊತ್ತು ಬದಲಿಸಿದರು. ಅಷ್ಟು ಸುಲಭದ ಕೆಲಸಕ್ಕೆ ಇಷ್ಟು ರಾದ್ಧಾಂತ.

ಮಗ ಈಗ ಮನೆಯಲ್ಲಿದ್ದಾನೆ. ಪ್ರೆಸ್ಸಿನವರು ಕರೆದಿಲ್ಲ. ಮಾತ್ರೆಯನ್ನು ತಾನೇ ಇಟ್ಟುಕೊಂಡು ತಾನೇ ನುಂಗುತ್ತಾನೆ. ಅಮ್ಮ ನೀರು ಕೊಟ್ಟರೆ, "ಅಲ್ಲಿಡಮ್ಮ" ಎಂದು ಎದ್ದು ಹೋಗಿ ನಲ್ಲಿಯಲ್ಲಿ ಹಿಡಿದು ಕುಡಿಯುತ್ತಾನೆ.

ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ಮನಸ್ಸಿನ ಕಾಯಿಲೆಯ ಮಾತ್ರೆಯಿಂದ ತೊಂದರೆಯಾದರೆ ಡಾಕ್ಟರಿಗೆ ಹೇಳಿ. ನೀವಾಗೇ ನಿಲ್ಲಿಸಬೇಡಿ. ನಿಲ್ಲಿಸಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ, ಇವತ್ತೇ ಹೋಗಿ ಹೇಳಿ. ಟೈಲರಮ್ಮನಿಗೂ ಈಗ ಎಲ್ಲ ಅರ್ಥವಾಗಿದೆ. ಮಗನಿಗೆ ಮಾತ್ರ ಅವಳ ಮೇಲೆ ನಂಬಿಕೆ ಬಂದಿಲ್ಲ.